ಲೇಬಲ್ಲಿನ ಮೂವತ್ತೆರಡು ಅಕ್ಷರ

ದಾವಣಗೆರೆಯ ಹಳೇ ಹತ್ತಿ ಗಿರಣಿಯೊಂದರಲ್ಲಿ ಸರ್ಕಾರ ನಡೆಸುತ್ತಿದ್ದ ಮರುಬಳಕೆ ಡಿಪೋದಲ್ಲಿ ಚಂದನಾಗೆ ಒಂಬತ್ತು ವರ್ಷದಿಂದ ಒಂದೇ ಕೆಲಸ: ಬೀಗ ಬಿದ್ದ ಕಂಪ್ಯೂಟರ್ ಡ್ರೈವುಗಳನ್ನು ಮತ್ತೆ ಬಳಕೆಗೆ ತರುವುದು. ಹೊಸ ಡ್ರೈವುಗಳು ತಯಾರಾಗುವುದು ನಿಂತು ಹನ್ನೆರಡು ವರ್ಷವಾಗಿತ್ತು. ಅವಕ್ಕೆ ಬೇಕಾದ ಲೋಹವೇ ಭೂಮಿಯ ಮೇಲೆ ಸಿಗುತ್ತಿರಲಿಲ್ಲ. ಹಾಗಾಗಿ ಯಾವುದೇ ಬ್ಯಾಂಕು, ಕಚೇರಿ, ಆಸ್ಪತ್ರೆ ಬಾಗಿಲು ಹಾಕಿದರೂ ಅಲ್ಲಿನ ಡ್ರೈವುಗಳು ಲಾರಿ ಹತ್ತಿ ಇಲ್ಲಿಗೆ ಬರುತ್ತಿದ್ದವು. ಇಲ್ಲಿಂದ ತಾಲ್ಲೂಕು ಆಸ್ಪತ್ರೆಗೋ ಶಾಲೆಗೋ ನೀರು ಸರಬರಾಜಿನವರಿಗೋ ಹೋಗುತ್ತಿದ್ದವು.

ಆ ಡ್ರೈವುಗಳ ಸ್ವಭಾವವೇ ಬೇರೆ. ತನ್ನೊಳಗೆ ಬರೆದದ್ದನ್ನೆಲ್ಲ ಡ್ರೈವು ತಾನೇ ಒಂದು ಗುಪ್ತ ಕೀಲಿಯಿಂದ ಕಲಸಿ ಇಟ್ಟುಕೊಳ್ಳುತ್ತದೆ, ಓದುವಾಗ ಅದೇ ಕೀಲಿಯಿಂದ ಬಿಡಿಸಿ ಕೊಡುತ್ತದೆ. ಕೀಲಿ ಅದರ ಹೊಟ್ಟೆಯಲ್ಲೇ ಇದ್ದರೂ ಪಾಸ್‌ವರ್ಡ್ ಹೇಳದೆ ಬಾಯಿ ಬಿಡುವುದಿಲ್ಲ. ಬಾಗಿಲು ಹಾಕಿಕೊಂಡು ಹೋದ ಕಂಪನಿಗಳವರು ಪಾಸ್‌ವರ್ಡ್ ಬರೆದಿಟ್ಟು ಹೋಗುತ್ತಿರಲಿಲ್ಲ. ಆಗ ಉಳಿಯುವ ದಾರಿ ಒಂದೇ. ಡ್ರೈವಿನ ಲೇಬಲ್ಲಿನ ಮೇಲೆ ಮೂವತ್ತೆರಡು ಅಕ್ಷರಗಳ ಸಾಲೊಂದು ಅಚ್ಚಾಗಿರುತ್ತದೆ. ಅದನ್ನು ತಪ್ಪಿಲ್ಲದೆ ಟೈಪ್ ಮಾಡಿದರೆ ಡ್ರೈವು ಹಳೆಯ ಕೀಲಿಯನ್ನು ಎಸೆದು ಹೊಸ ಕೀಲಿ ಮಾಡಿಕೊಳ್ಳುತ್ತದೆ. ಹಳೆಯ ಬರಹ ಅಲ್ಲೇ ಇದ್ದರೂ ಇನ್ನು ಅದು ಯಾರಿಗೂ, ಆ ಡ್ರೈವಿಗೂ ಸಹ, ಅರ್ಥವಾಗದ ಗೀಚು. ಡ್ರೈವು ಮಾತ್ರ ಹೊಚ್ಚ ಹೊಸದರಂತೆ ಕೆಲಸಕ್ಕೆ ಸಿದ್ಧ.

ದಿನಕ್ಕೆ ನಲವತ್ತು ಐವತ್ತು ಡ್ರೈವು ಚಂದನಾಳ ಕೈಯಲ್ಲಿ ಹೀಗೆ ಹೊಸದಾಗುತ್ತಿದ್ದವು. ಭೂತಗನ್ನಡಿ ಹಿಡಿದು ಲೇಬಲ್ ಓದುವುದು, ಸೊನ್ನೆಯೋ ಓ ಅಕ್ಷರವೋ ಎಂದು ನೋಡಿಕೊಳ್ಳುವುದು, ಟೈಪ್ ಮಾಡುವುದು, ರಿಜಿಸ್ಟರಿನಲ್ಲಿ ನಂಬರಿನ ಮುಂದೆ ‘ಚಂ’ ಎಂದು ಬರೆಯುವುದು. ಒಳಗೆ ಏನಿತ್ತೆಂದು ಅವಳು ಯಾವತ್ತೂ ಯೋಚಿಸಿದವಳಲ್ಲ.

ಮನೆಯಲ್ಲಿ ತಂಗಿ ನಿಸರ್ಗ ಇದ್ದಳು. ಅಕ್ಕನಿಗಿಂತ ಆರು ವರ್ಷ ಚಿಕ್ಕವಳು. ಜಗಳೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವಳು ಊರುಗಳ ಹೆಸರು ಕೂಗಿದರೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಅಲ್ಲೇ ಬಿಟ್ಟು ಓಡಿಬರುತ್ತಿದ್ದರು. ಮೂವತ್ತಮೂರನೇ ವಯಸ್ಸಿಗೆ ನರಗಳ ಕಾಯಿಲೆ ಹಿಡಿಯಿತು. ಮೊದಲು ಟಿಕೆಟ್ ಹರಿಯುವ ಬೆರಳು ಸೋತವು, ಆಮೇಲೆ ಕಾಲು. ಮುಂದೆ ನಾಲಿಗೆಯೂ ಸೋಲುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಅದೇ ವರ್ಷ ಊರಿನ ಖಾಸಗಿ ಆಸ್ಪತ್ರೆಯೊಂದು ಹೊಸ ಪ್ರಯೋಗ ಶುರುಮಾಡಿತ್ತು. ಮಾತು ಇನ್ನೂ ಉಳಿದಿರುವ ರೋಗಿಯ ಮೆದುಳಿನ ಮೇಲೆ ಕೂದಲೆಳೆಯಷ್ಟು ತೆಳುವಾದ ಜಾಲರಿ ಇಟ್ಟು, ದಿನಕ್ಕೊಂದು ತಾಸು ಗಟ್ಟಿಯಾಗಿ ಓದಿಸುತ್ತಿದ್ದರು. ಯಾವ ಸದ್ದಿಗೆ ಯಾವ ನರ ಮಿಡಿಯುತ್ತದೆ ಎಂಬುದನ್ನು ಯಂತ್ರ ಕಲಿತು ಒಂದು ನಕ್ಷೆ ಬರೆಯುತ್ತಿತ್ತು. ಅದಕ್ಕೆ ನುಡಿಪಟ ಎಂದು ಹೆಸರು. ನಾಲಿಗೆ ನಿಂತ ಮೇಲೆ ರೋಗಿ ಮನಸ್ಸಿನಲ್ಲೇ ಮಾತಾಡಿದರೆ ಸಾಕು, ಆಸ್ಪತ್ರೆಯ ಸರ್ವರ್ ಆ ಮಿಡಿತವನ್ನು ನುಡಿಪಟದ ಜೊತೆ ಹೋಲಿಸಿ, ಹಾಸಿಗೆ ಪಕ್ಕದ ಪೆಟ್ಟಿಗೆಯಿಂದ ಅವರದೇ ದನಿಯಲ್ಲಿ ಮಾತು ಹೊರಡಿಸುತ್ತಿತ್ತು. ನಿಸರ್ಗ ಎಂಟು ತಿಂಗಳು ಓದಿದಳು. ಪತ್ರಿಕೆ, ಪಂಚಾಂಗ, ಅಕ್ಕನ ಹಳೇ ಕಾಗದ, ಕೊನೆಗೆ ಔಷಧಿ ಚೀಟಿ. ಎಂಟನೇ ತಿಂಗಳಲ್ಲಿ ಅವಳ ಮಾತು ಅಕ್ಕನಿಗೂ ಅರ್ಥವಾಗದಷ್ಟು ಕೆಟ್ಟಿತ್ತು. ಅದರ ಮರುವಾರ ಪೆಟ್ಟಿಗೆ ಮೊದಲ ಸಲ ಬಾಯಿ ಬಿಟ್ಟು, “ಅಕ್ಕ, ಈ ಡಾಕ್ಟ್ರಿಗೆ ಸ್ನಾನ ಮಾಡಿ ಬರಾಕೆ ಹೇಳೇ,” ಎಂದಿತು. ಡಾಕ್ಟರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಆಮೇಲೆ ನಾಲ್ಕು ವರ್ಷ ಆ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಕೈಕಾಲು ಅಲ್ಲಾಡದ ನಿಸರ್ಗ ಕಿಟಕಿ ಪಕ್ಕದ ಮಂಚದಿಂದಲೇ ಸೊಪ್ಪಿನವನನ್ನು ಕೂಗಿ ನಿಲ್ಲಿಸುತ್ತಿದ್ದಳು. ಹಗಲು ನೋಡಿಕೊಳ್ಳಲು ಬರುತ್ತಿದ್ದ ಪಕ್ಕದ ಮನೆಯ ರುದ್ರಮ್ಮನ ಜೊತೆ ಊರ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದಳು. ಸಂಜೆ ಚಂದನಾ ಚಪ್ಪಲಿ ಬಿಡುವ ಮೊದಲೇ ಶುರು: “ಇಷ್ಟೊತ್ತು ಎಲ್ಲಿ ಸತ್ತಿದ್ದೆ? ಬಸ್ ತಪ್ತಾ? ನಾನಿದ್ದಿದ್ರೆ ಡ್ರೈವರ್‌ಗೆ ಹೇಳಿ ನಿಲ್ಲಿಸ್ತಿದ್ದೆ.” ಇಬ್ಬರೂ ಮನಸಾರೆ ಜಗಳವಾಡುತ್ತಿದ್ದರು.

ಶಿವರಾತ್ರಿ ಕಳೆದ ಮರುವಾರ, ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಿದ್ದಾಗ ಪೆಟ್ಟಿಗೆ ನಿಂತಿತು. ಚಂದನಾ ಪ್ಲಗ್ ತೆಗೆದು ಹಾಕಿದಳು. ‘ಸರ್ವರ್ ಸಿಗುತ್ತಿಲ್ಲ’ ಎಂದು ಕೆಂಪಕ್ಷರ ಬಂತು. ಆಸ್ಪತ್ರೆಗೆ ಹೋದರೆ ಗೇಟಿಗೆ ಬೀಗ. ಮಾಲೀಕರು ಕೈಚೆಲ್ಲಿ ಹೋಗಿದ್ದರು, ಒಳಗಿನ ಸಾಮಾನು ಹರಾಜಾಗುತ್ತಿತ್ತು. ಆರೋಗ್ಯ ಇಲಾಖೆಯ ಅಧಿಕಾರಿ ಕಡತ ತೆಗೆದು ನೋಡಿದರು. ಮನುಷ್ಯರ ಮೆದುಳಿನ ದಾಖಲೆಯನ್ನು ಆಸ್ಪತ್ರೆಯ ಹೊರಗೆ ಎಲ್ಲೂ ಪ್ರತಿ ಮಾಡಿ ಇಡಬಾರದೆಂದು ಕಾನೂನೇ ಇತ್ತು. ಇದ್ದ ಇನ್ನೊಂದು ಪ್ರತಿಯೂ ಆಸ್ಪತ್ರೆಯ ಸರ್ವರಿನ ಡ್ರೈವುಗಳಲ್ಲೇ ಇತ್ತು.

“ಮತ್ತೆ ಕಲಿಸೋಕೆ ಬರಲ್ವಾ ಸರ್?” ಎಂದಳು ಚಂದನಾ.

“ಕಲಿಸ್ಬೇಕು ಅಂದ್ರೆ ಅವರು ಬಾಯಿಬಿಟ್ಟು ಮಾತಾಡ್ಬೇಕಲ್ಲಮ್ಮ.”

ಚಂದನಾ ದೊಡ್ಡ ರಟ್ಟಿನ ಮೇಲೆ ಅಕ್ಷರಮಾಲೆ ಬರೆದು ತಂದಳು. ಮೇಲೆ ಸ್ವರ, ಕೆಳಗೆ ಸಾಲಾಗಿ ಕ ಚ ಟ ತ ಪ ವರ್ಗ, ಆಮೇಲೆ ಉಳಿದವು. ತಾನು ಬೆರಳಿಟ್ಟುಕೊಂಡು ಹೋಗುವುದು, ಬೇಕಾದ ಸಾಲು ಬಂದಾಗ ತಂಗಿ ರೆಪ್ಪೆ ಮುಚ್ಚುವುದು, ಹಾಗೆಯೇ ಅಕ್ಷರ, ಹಾಗೆಯೇ ಕಾಗುಣಿತ. ನಿಸರ್ಗ ರಟ್ಟನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು. ಮರುದಿನವೂ ಅಷ್ಟೆ. ಹೌದು ಎಂದರೆ ಒಂದು ಸಲ, ಇಲ್ಲ ಎಂದರೆ ಎರಡು ಸಲ ರೆಪ್ಪೆ ಬಡಿಯುವುದಕ್ಕೆ ಮಾತ್ರ ಒಪ್ಪಿದಳು. ರಟ್ಟು ಹಿಡಿದರೆ ಪೆಟ್ಟಿಗೆಯ ಆಸೆ ಬಿಟ್ಟಂತೆ ಎಂದುಕೊಂಡಿದ್ದಳೋ ಏನೋ.

ಯುಗಾದಿ ಮುಗಿದ ಮೇಲೆ ಡಿಪೋಗೆ ಬಂದ ಲಾರಿಯಲ್ಲಿ ಏಳು ಡ್ರೈವುಗಳ ಮೇಲೆ ಹಸಿರು ಚೀಟಿ ಅಂಟಿತ್ತು. ತಂಗಿಯ ಪೆಟ್ಟಿಗೆಯ ಕೆಳಗೂ ಅದೇ ಚೀಟಿ, ಅದೇ ಆಸ್ಪತ್ರೆಯ ಗುರುತು. ಚಂದನಾ ಏಳನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಒಂದೊಂದಾಗಿ ಯಂತ್ರಕ್ಕೆ ಸಿಕ್ಕಿಸಿ ನೋಡಿದಳು. ಏಳಕ್ಕೂ ಬೀಗ.

ಡಿಪೋದ ಮುಖ್ಯಸ್ಥರು ಅಲ್ತಾಫ್. ನಿಸರ್ಗಳ ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದವರು. ಚಂದನಾ ಹೇಳಿದ್ದನ್ನು ಕೇಳಿ ಅವರು ಕುರ್ಚಿ ಎಳೆದುಕೊಂಡು ಕೂತರು.

“ಹನ್ನೊಂದು ಜನರ ನುಡಿಪಟ ಇದರಲ್ಲಿ ಐತೆ ಸರ್. ದಯವಿಟ್ಟು ಯಾರ ಕೈಗೂ ಕೊಡಬೇಡಿ.”

“ಹದಿನೈದು ದಿನ ಇಟ್ಕೋತೀನಿ ಚಂದನಮ್ಮ. ಅದಕ್ಕಿಂತ ಹೆಚ್ಚಿಗೆ ಆಗಲ್ಲ. ಚಿತ್ರದುರ್ಗದಲ್ಲಿ ಸರ್ಕಾರದ್ದೇ ನುಡಿಪಟ ಕೇಂದ್ರ ಶುರುವಾಗ್ತೈತೆ. ಹದಿನಾಲ್ಕು ಜನ ಕಾಯ್ತಾ ಇದಾರೆ. ಅವರಿಗೆಲ್ಲ ಇನ್ನೂ ಮಾತು ಐತೆ, ಆದ್ರೆ ಇನ್ನು ಕೆಲವೇ ತಿಂಗಳು. ಇಂಥ ದೊಡ್ಡ ಡ್ರೈವು ಇಡೀ ಜಿಲ್ಲೇಲಿ ಇವು ಏಳೇ.”

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ತಿಪ್ಪೇಸ್ವಾಮಿ ಎಂದೂ, ಈಗ ಹೊನ್ನಾಳಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದೂ ಹಳೆಯ ನರ್ಸ್ ಒಬ್ಬಳಿಂದ ಗೊತ್ತಾಯಿತು. ಭಾನುವಾರ ಚಂದನಾ ಅಲ್ಲಿಗೆ ಹೋದಳು. ಎಪ್ಪತ್ತರ ಮುದುಕ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

“ಆ ಡ್ರೈವಿನ ಪಾಸ್‌ವರ್ಡ್ ನನಗೇ ಗೊತ್ತಿಲ್ಲ ತಾಯಿ,” ಎಂದರು. ಚಂದನಾಳ ಮುಖ ನೋಡಿ ಬೇಗ ಬೇಗ ಸೇರಿಸಿದರು: “ಯಾವ ಮನುಷ್ಯನಿಗೂ ಗೊತ್ತಿಲ್ಲ. ಅದನ್ನ ಇನ್ನೊಂದು ಯಂತ್ರ ತಾನೇ ಮಾಡಿ ತಾನೇ ಇಟ್ಕೋತಿತ್ತು. ಕೀಲಿಯಂತ್ರ ಅಂತಿದ್ವಿ. ಅದರಲ್ಲಿ ಎರಡು ತೆಳ್ಳನೆ ಡ್ರೈವಿದ್ವು, ಒಂದರಲ್ಲಿರೋದೇ ಇನ್ನೊಂದರಲ್ಲಿ. ಆ ಕೀಲಿಯಂತ್ರದ ಪಾಸ್‌ವರ್ಡ್ ಮಾತ್ರ ನಾನೇ ಇಟ್ಟಿದ್ದು. ನಮ್ಮಪ್ಪನ ಆರು ಹೊಲದ ಹೆಸರು, ಒಂದರ ಹಿಂದೆ ಒಂದು.”

ಹುಣಸೆ ಅಂಟಿದ ಬೆರಳಿನಿಂದಲೇ ಬರೆದುಕೊಟ್ಟರು. ಕರೇಹೊಲ, ಬೇವಿನಮರದಹೊಲ, ಹಳ್ಳದಹೊಲ, ಹೀಗೆ ಆರೂ. ಜೊತೆಗೆ ಆ ಎರಡು ಡ್ರೈವಿನ ನಂಬರುಗಳನ್ನೂ ತಮ್ಮ ಹಳೇ ಡೈರಿ ಹುಡುಕಿ ಬರೆದರು. “ಅವೆರಡರಲ್ಲಿ ಒಂದು ಸಿಕ್ಕರೂ ಸಾಕು, ಏಳೂ ತೆರ್ಕೋತಾವೆ. ನಿಮ್ಮ ತಂಗಿ ನನಗೆ ನೆನಪಿದಾಳೆ. ‘ತಿಪ್ಪಣ್ಣ, ಚಿಲ್ಲರೆ ಕೊಡು’ ಅಂತಿದ್ಲು, ನನ್ನ ಮುಖ ಕಂಡ್ರೆ ಸಾಕು.”

ಮನೆಗೆ ಬಂದವಳೇ ಚಂದನಾ ಚಪ್ಪಲಿ ಸಮೇತ ಒಳಗೆ ನುಗ್ಗಿದಳು. “ಸಿಕ್ತು ಕಣೇ! ಪಾಸ್‌ವರ್ಡ್ ಸಿಕ್ತು! ಇನ್ನೊಂದು ಚಿಕ್ಕ ಡ್ರೈವು ಹುಡುಕಿದ್ರೆ ಮುಗೀತು. ಲಾರಿ ಮಾಲು ಎಲ್ಲ ಕೊನೆಗೆ ನಮ್ಮ ಡಿಪೋಗೇ ಬರ್ಬೇಕಲ್ಲ, ಎಲ್ಲಿ ಹೋಗುತ್ತೆ?” ನಿಸರ್ಗ ಒಂದು ಸಲ ರೆಪ್ಪೆ ಬಡಿದಳು. ಇನ್ನೊಂದು ಸಲ. ಮತ್ತೊಂದು ಸಲ. ಹೌದು, ಹೌದು, ಹೌದು ಎನ್ನುತ್ತಿದ್ದಾಳೆ ಎಂದು ತಿಳಿಯಲು ಚಂದನಾಗೆ ಒಂದು ಕ್ಷಣ ಹಿಡಿಯಿತು. ಅವಳು ತಂಗಿಯ ಹಣೆಗೆ ಹಣೆ ಒತ್ತಿ ಕೂತಳು.

ಸೋಮವಾರ ಬೆಳಿಗ್ಗೆ ಡಿಪೋಗೆ ಹೋಗಿ ಆ ಎರಡು ನಂಬರುಗಳನ್ನು ಕಂಪ್ಯೂಟರಿಗೆ ಏರಿಸಿದ್ದ ರಿಜಿಸ್ಟರಿನಲ್ಲಿ ಹುಡುಕಿದಳು. ತಕ್ಷಣ ಸಿಕ್ಕವು. ಎರಡೂ ಡಿಪೋಗೇ ಬಂದಿದ್ದವು. ಆಸ್ಪತ್ರೆಯ ಸಣ್ಣಪುಟ್ಟ ಸಾಮಾನನ್ನೆಲ್ಲ ಮೊದಲೇ ಎತ್ತಿದ್ದ ಗುಜರಿಯವನ ಮೂಲಕ, ಬೇರೆ ನೂರಾರು ಡ್ರೈವುಗಳ ಜೊತೆ, ಹಸಿರು ಚೀಟಿ ಕಿತ್ತುಹೋದ ಸ್ಥಿತಿಯಲ್ಲಿ ಬಂದಿದ್ದವು. ಬೀಗ ಇತ್ತು. ಲೇಬಲ್ಲಿನ ಅಕ್ಷರ ಹಾಕಿ ತೆರೆಯಲಾಗಿದೆ. ಸ್ಥಿತಿ ಉತ್ತಮ. ಜಗಳೂರು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಕೊಡಲಾಗಿದೆ. ಪೆಟ್ಟಿಗೆ ನಿಂತು ಹನ್ನೊಂದನೆಯ ದಿನದ ತಾರೀಖು. ಕೊನೆಯ ಕಾಲಮ್ಮಿನಲ್ಲಿ ‘ಚಂ’ ಎಂದಿತ್ತು. ಕೆಳಗಿನ ಸಾಲಿನಲ್ಲೂ ‘ಚಂ’.

ಅವಳು ಪರದೆಯನ್ನು ನೋಡುತ್ತಲೇ ಇದ್ದಳು. ಆ ದಿನವನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ಯಾವ ಮೇಜು, ಬೆಳಿಗ್ಗೆಯೋ ಮಧ್ಯಾಹ್ನವೋ, ಲೇಬಲ್ ಮಾಸಿತ್ತೋ ಸ್ಪಷ್ಟವಾಗಿತ್ತೋ. ಏನೊಂದೂ ನೆನಪಾಗಲಿಲ್ಲ. ಎಲ್ಲ ದಿನದಂಥದೇ ಒಂದು ದಿನ. ತಂಗಿಯ ಪೆಟ್ಟಿಗೆಗೆ ಮತ್ತೆ ಮಾತು ಬರಿಸುವುದು ಹೇಗೆಂದು ತಲೆ ಕೆಡಿಸಿಕೊಂಡೇ ಕೂತು ಆ ಮೂವತ್ತೆರಡು ಅಕ್ಷರ ಒತ್ತಿದ್ದಿರಬೇಕು. ಎರಡು ಸಲ.

ಅಲ್ತಾಫ್ ಬಂದು ಹಿಂದೆ ನಿಂತು ಓದಿದರು. “ಇದು ನಿಮ್ಮ ತಪ್ಪಲ್ಲಮ್ಮ,” ಎಂದರು. “ಚೀಟಿ ಇರ್ಲಿಲ್ಲ. ಅವತ್ತು ನಾನು ಕೂತಿದ್ರೂ ಇದನ್ನೇ ಮಾಡ್ತಿದ್ದೆ.”

“ನೀವು ಕೂತಿರ್ಲಿಲ್ಲವಲ್ಲ ಸರ್,” ಎಂದಳು ಚಂದನಾ.

“ಆ ಏಳನ್ನ ಒಡೆಯೋಕೆ ಬೇರೆ ಏನೂ...” ಎಂದು ಮತ್ತೆ ಅವಳೇ ಶುರುಮಾಡಿ ಅವಳೇ ನಿಲ್ಲಿಸಿದಳು. ಒಂಬತ್ತು ವರ್ಷದಲ್ಲಿ ಎಷ್ಟೋ ಜನ ಡಿಪೋದ ಬಾಗಿಲಿಗೆ ಬಂದು ಇದನ್ನೇ ಕೇಳಿದ್ದರು. ಮಗಳ ಮದುವೆ ಫೋಟೋ, ಜಮೀನಿನ ದಾಖಲೆ, ತೀರಿಹೋದವರ ವಿಡಿಯೊ. ಕೀಲಿಯಿಲ್ಲದೆ ಒಡೆಯಲು ಸಾವಿರ ವರ್ಷವೂ ಸಾಲದು ಎಂದು ಅವರಿಗೆ ಹೇಳಿ ಕಳಿಸಿದವಳು ಇವಳೇ.

ಆರು ದಿನ ಅವಳು ತಂಗಿಗೆ ಸುಳ್ಳು ಹೇಳಿದಳು. “ಹುಡುಕ್ತಾ ಇದೀವಿ ಕಣೇ.” “ಇನ್ನೊಂದು ಲಾರಿ ಬರೋದೈತೆ.” ನಿಸರ್ಗ ಒಂದು ಸಲ ರೆಪ್ಪೆ ಬಡಿದು ಒಪ್ಪುತ್ತಿದ್ದಳು. ಹಾಗೆ ಒಪ್ಪುವುದೇ ಚಂದನಾಗೆ ತಡೆಯದಾಯಿತು. ರುದ್ರಮ್ಮನ ಹತ್ತಿರ ನಿಸರ್ಗ ಕಿಟಕಿ ತೆಗೆಸಿಕೊಂಡು ಬೀದಿ ನೋಡುತ್ತಾಳಂತೆ, ಸೊಪ್ಪಿನವನು ಬಂದರೆ ಕಣ್ಣಲ್ಲೇ ನಗುತ್ತಾಳಂತೆ.

ಏಳನೆಯ ದಿನ ಸಂಜೆ ದೀಪ ಹಚ್ಚಿದ ಮೇಲೆ ಮಂಚದ ಪಕ್ಕ ನೆಲದ ಮೇಲೆ ಕೂತಳು.

“ನಿಸರ್ಗ, ಆ ಚಿಕ್ಕ ಡ್ರೈವು ಸಿಕ್ಕಿದಾವೆ.”

ಒಂದು ಸಲ ರೆಪ್ಪೆ.

“ಇಲ್ಲ ಕೇಳೇ, ಪೂರ್ತಿ ಕೇಳು. ಸಿಕ್ಕಿದಾವೆ, ಆದ್ರೆ ಒಳಗೆ ಏನೂ ಇಲ್ಲ. ಒಂದು ತಿಂಗಳ ಹಿಂದೇನೇ ಅಳಿಸಿಬಿಟ್ಟಿದಾರೆ. ಇನ್ನು ಆ ಏಳೂ ತೆರೆಯಲ್ಲ. ನಿನ್ನ ಮಾತು...” ಮಂಚದ ಅಂಚು ಹಿಡಿದುಕೊಂಡಳು. “ಅಳಿಸಿದ್ದು ನಾನು. ನನ್ನ ಕೈಯಾರೆ. ಗೊತ್ತಿರ್ಲಿಲ್ಲ ಕಣೇ. ನೂರರಲ್ಲಿ ಒಂದು ಅಂತ ಒತ್ತಿಬಿಟ್ಟೆ.”

ನಿಸರ್ಗ ಅಕ್ಕನನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. ಗೋಡೆ ಕಡೆ ಹೊರಳಿ ಮಲಗಲು ಬಾರದವಳಿಗೆ ಮುಖ ತಿರುಗಿಸಲು ಅದೊಂದೇ ದಾರಿ.

ಮರುದಿನವೂ ತೆರೆಯಲಿಲ್ಲ. ಚಂದನಾ ಮೈ ಒರೆಸಿದಳು, ನಳಿಕೆಯಲ್ಲಿ ಗಂಜಿ ಇಳಿಸಿದಳು, ಮಗ್ಗುಲು ಬದಲಿಸಿದಳು. ಎಚ್ಚರವಾಗಿದ್ದಾಳೆಂದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. ರುದ್ರಮ್ಮ ಬಾಗಿಲಲ್ಲಿ ನಿಂತು, “ಯಾಕವ್ವ, ಇಬ್ಬರೂ ಜಗಳ ಮಾಡಿದ್ರಾ?” ಎಂದು ಕೇಳಿದಾಗ ಚಂದನಾ ಹೌದೆಂದಳು.

ಡಿಪೋದಲ್ಲಿ ಅವಳು ಉಳಿದ ಮನೆಗಳಿಗೆ ಫೋನ್ ಮಾಡಿದಳು. ಹನ್ನೊಂದು ಜನರಲ್ಲಿ ನಿಸರ್ಗಳನ್ನು ಬಿಟ್ಟರೆ ಈಗ ಬದುಕಿದ್ದವರು ನಾಲ್ವರು. ಎಲ್ಲರಿಗೂ ಅದನ್ನೇ ಹೇಳಿದಳು, ಅಳಿಸಿದ್ದು ತಾನೇ ಎಂಬುದನ್ನೂ, ಏಳು ಡ್ರೈವು ಇನ್ನು ಚಿತ್ರದುರ್ಗಕ್ಕೆ ಹೋಗಬೇಕೆಂಬುದನ್ನೂ ಬಿಡದೆ. ಒಬ್ಬರು ಬೈದು ಫೋನ್ ಇಟ್ಟರು. ರಾಣೆಬೆನ್ನೂರಿನ ಹೆಂಗಸು, “ನಮ್ಮನಿಯವರು ಇಲ್ಲೇ ಮಕ್ಕೊಂಡಾರ್ರೀ, ಎಲ್ಲಾ ಕೇಳಸ್ಕೊಂಡಾರ. ಆತು ಬಿಡ್ರೀ, ನಿಮಗೂ ಒಂದು ಜೀವ ಐತಲ್ಲ ಮನ್ಯಾಗ,” ಎಂದಳು. ಆ ಏಳು ಡ್ರೈವುಗಳನ್ನು ಬೇರೆಯವರಿಗೆ ಕೊಡಬೇಡಿ ಎಂದು ಯಾರೂ ಹೇಳಲಿಲ್ಲ. ಯಾರಾದರೂ ಹೇಳಲಿ ಎಂದು ಚಂದನಾ ಒಳಗೊಳಗೇ ಕಾದಿದ್ದಳು.

ಮೂರನೆಯ ದಿನ ಬೆಳಿಗ್ಗೆ ಅವಳು ತಂಗಿಯ ಕಿವಿಯ ಹತ್ತಿರ ಬಗ್ಗಿ ಹೇಳಿದಳು: “ನಾಳೆ ಹದಿನೈದು ದಿನ ಮುಗಿಯುತ್ತೆ. ಚಿತ್ರದುರ್ಗದ ಹದಿನಾಲ್ಕು ಜನಕ್ಕೆ ಆ ಡ್ರೈವು ಬೇಕು. ನೀನು ಬೇಡ ಅಂದ್ರೆ ನಾನು ಕೆಲಸ ಬಿಟ್ಟಾದ್ರೂ ಅವನ್ನ ಮನೆಗೆ ತಂದು ಇಟ್ಕೋತೀನಿ. ನನ್ನ ಕೈಯಲ್ಲಂತೂ ಒತ್ತೋಕಾಗಲ್ಲ. ನೀನೇ ಏನಾದ್ರೂ ಹೇಳು.”

ನಿಸರ್ಗ ಕಣ್ಣು ತೆರೆದಳು. ಅಕ್ಕನನ್ನು ನೋಡಲಿಲ್ಲ. ಅಲಮಾರಿಗೆ ಒರಗಿಸಿಟ್ಟಿದ್ದ ರಟ್ಟಿನ ಕಡೆ ನೋಡಿದಳು, ನೋಡುತ್ತಲೇ ಇದ್ದಳು.

ಚಂದನಾ ಎದ್ದು ರಟ್ಟು ತಂದು ಎದುರಿಗೆ ಹಿಡಿದಳು. ಬೆರಳು ಒಂದೊಂದೇ ಸಾಲು ಇಳಿಯಿತು. ತ ವರ್ಗಕ್ಕೆ ಬಂದಾಗ ರೆಪ್ಪೆ ಮುಚ್ಚಿತು. ತ, ಥ, ದ, ಧ, ನ. ರೆಪ್ಪೆ. “ನ,” ಎಂದಳು ಚಂದನಾ. “ನ, ನಾ, ನಿ, ನೀ...” ರೆಪ್ಪೆ. ನೀ. ಮತ್ತೆ ಮೇಲಿನಿಂದ. ಮತ್ತೆ ತ ವರ್ಗ, ಮತ್ತೆ ನ, ಈ ಸಲ ಕಾಗುಣಿತ ನೇ ತನಕ ಹೋಗಬೇಕಾಯಿತು. ನೀನೇ. ಇಷ್ಟಕ್ಕೆ ಐದಾರು ನಿಮಿಷ ಹಿಡಿದಿತ್ತು. ಮುಂದಿನದು ಏನೆಂದು ಚಂದನಾಗೆ ಗೊತ್ತೆನಿಸಿತು. ನೀನೇ ಮಾಡಿದ್ದು. ನೀನೇ ಕಳೆದದ್ದು. ಆದರೂ ರಟ್ಟನ್ನು ಇಳಿಸಲಿಲ್ಲ. ಅ. ಆಮೇಲೆ ಬಹಳ ಕೆಳಗೆ, ಕೊನೆಯ ಸಾಲಿನಲ್ಲಿ, ಳ. ಳಿ. ಮತ್ತೆ ಕೊನೆಯ ಸಾಲು. ಸ, ಸಾ, ಸಿ. ‘ಅಳಿಸಿದ್ದು’ ಎನ್ನಲು ಅಲ್ಲಿ ನಿಲ್ಲುತ್ತಾಳೆಂದು ಬೆರಳು ತಡೆಯಿತು. ನಿಲ್ಲಲಿಲ್ಲ. ಸೀ, ಸು. ರೆಪ್ಪೆ.

ನೀನೇ ಅಳಿಸು.

ಚಂದನಾ ಕಾದಳು. ನಿಸರ್ಗಳ ಕಣ್ಣು ರಟ್ಟಿನಿಂದ ಸರಿದು ಕಿಟಕಿ ಕಡೆ ಹೋಗಿತ್ತು. ಅಷ್ಟೇ ಹೇಳುವುದಿತ್ತು.

“ಸಿಟ್ಟಿನಿಂದ ಹೇಳಿದ್ಯೇನೇ?” ಎಂದಳು. “ಅಥವಾ... ಪರವಾಗಿಲ್ಲ ಅಂತ ಹೇಳಿದ್ಯಾ?”

ನಿಸರ್ಗ ಒಂದೂ ಬಡಿಯಲಿಲ್ಲ, ಎರಡೂ ಬಡಿಯಲಿಲ್ಲ. ದಣಿದಿದ್ದಳು, ಹಣೆಯ ಮೇಲೆ ಬೆವರಿತ್ತು. ಪೆಟ್ಟಿಗೆ ಇದ್ದಿದ್ದರೆ ಈ ಎರಡು ಪದವನ್ನು ಚಂದನಾ ಪಕ್ಕದ ಕೋಣೆಯಲ್ಲಿದ್ದುಕೊಂಡೇ ಕೇಳಿ ತಂಗಿಯ ಮನಸ್ಸು ಹೇಳಬಲ್ಲವಳಾಗಿದ್ದಳು. ಬೈಗುಳವಾದರೆ ಒಂದು ಎಳೆತ, ಮುದ್ದಾದರೆ ಇನ್ನೊಂದು. ಈಗ ಅವಳ ಎದುರಿಗಿದ್ದದ್ದು ಐದು ಅಕ್ಷರ ಮಾತ್ರ. ಅವಕ್ಕೆ ಯಾವ ದನಿ ಕೊಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಡಿಪೋದಲ್ಲಿ ಅಲ್ತಾಫ್ ತಾವೇ ಕೂರುತ್ತೇನೆಂದರು. ಬೇಡವೆಂದು ತಲೆಯಾಡಿಸಿ ಚಂದನಾ ಭೂತಗನ್ನಡಿ ಕೈಗೆತ್ತಿಕೊಂಡಳು. ಮೊದಲನೆಯ ಡ್ರೈವಿನ ಲೇಬಲ್ಲನ್ನು ಮೂರು ಸಲ ಓದಿದಳು. ಟೈಪ್ ಮಾಡಿದಳು. ಒತ್ತಿದಳು. ‘ಸಿದ್ಧ’ ಎಂದು ಬಂತು. ಎರಡನೆಯದು. ಮೂರನೆಯದು. ತಂಗಿಯದು ಇಂಥದರಲ್ಲೇ ಇತ್ತು ಎನ್ನುವಂತಿರಲಿಲ್ಲ, ಹನ್ನೊಂದು ಜನರ ಮಾತೂ ಏಳರಲ್ಲೂ ಹಂಚಿಹೋಗಿತ್ತು. ಹಾಗಾಗಿ ಪ್ರತಿ ಸಲವೂ ಅದು ಅವಳ ತಂಗಿಯೇ. ಏಳನೆಯದಕ್ಕೆ ಬಂದಾಗ ಅಕ್ಷರಗಳು ಮಸುಕಾದವು. ಅಲ್ತಾಫ್ ಲೇಬಲ್ ನೋಡಿ ಒಂದೊಂದಾಗಿ ಓದಿ ಹೇಳಿದರು, ಅವಳು ಒತ್ತಿದಳು. ರಿಜಿಸ್ಟರಿನಲ್ಲಿ ಏಳು ಸಲ ‘ಚಂ’ ಎಂದು ಬರೆದಳು.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಮಂಚದ ತುದಿಯಲ್ಲಿ ಕೂತಳು. “ಅಳಿಸಿದೆ,” ಎಂದಳು.

ನಿಸರ್ಗ ರಟ್ಟಿನ ಕಡೆ ನೋಡಿದಳು. ಈ ಸಲ ಬಹಳ ಹೊತ್ತು ಹಿಡಿಯಿತು. ಒತ್ತಕ್ಷರಗಳನ್ನು ಹೇಗೆ ಹೇಳುವುದೆಂದು ಇಬ್ಬರೂ ಇನ್ನೂ ಗೊತ್ತುಮಾಡಿಕೊಂಡಿರಲಿಲ್ಲ. ಎರಡು ಸಲ ತಪ್ಪಿ, ಮೊದಲಿನಿಂದ ಶುರುಮಾಡಿ, ಕೊನೆಗೆ ಒಂದು ಪ್ರಶ್ನೆ ಕೂಡಿಬಂತು. ಎಷ್ಟು ಹೊತ್ತು ಹಿಡೀತು.

ಆ ಎಂಟು ತಿಂಗಳು ಚಂದನಾಳ ಕಣ್ಣಮುಂದೆ ಬಂತು. ನಾಲಿಗೆ ತೊದಲುತ್ತ, ಜೊಲ್ಲು ಒರೆಸಿಕೊಳ್ಳುತ್ತ, ಓದಲು ಏನೂ ಉಳಿಯದೆ ಮಾತ್ರೆ ಚೀಟಿ ಓದಿದ ತಂಗಿ. ಸ್ವಲ್ಪ ಹೊತ್ತಾಯಿತು ಎಂದುಬಿಡಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಆರು ದಿನ ಹೇಳಿದ ಸುಳ್ಳೇ ಸಾಕೆನಿಸಿತು.

“ಒಂದು ಸೆಕೆಂಡೂ ಆಗ್ಲಿಲ್ಲ ಕಣೇ,” ಎಂದಳು.

ನಿಸರ್ಗಳ ಕಣ್ಣು ತುಂಬಿ ಎರಡೂ ಕಡೆ ಕಿವಿಯತ್ತ ಹರಿಯಿತು. ಚಂದನಾ ಸೆರಗಿನಿಂದ ಒರೆಸಿದಳು. ಮತ್ತೆ ತುಂಬಿತು. ತಂಗಿ ಇನ್ನೇನೋ ಹೇಳುತ್ತಿದ್ದಾಳೆ ಎನಿಸಿ ರಟ್ಟೆತ್ತಿ ಬೆರಳಿಟ್ಟಳು. ಕ ವರ್ಗ, ಚ ವರ್ಗ, ಟ ವರ್ಗ. ರೆಪ್ಪೆಗಳು ಬಡಿಯುತ್ತಲೇ ಇದ್ದವು, ಸಾಲು ಸಾಲಿಗೂ ಬಡಿಯುತ್ತಿದ್ದವು. ಯಾವುದು ಅಕ್ಷರ, ಯಾವುದು ಅಳು ಎಂದು ಅವಳಿಗೆ ಗೊತ್ತಾಗಲಿಲ್ಲ. ರಟ್ಟನ್ನು ಮಡಿಲಲ್ಲಿಟ್ಟುಕೊಂಡು, ತಂಗಿಯ ಕಣ್ಣು ಒರೆಸುತ್ತ, ಅದು ನಿಲ್ಲಲೆಂದು ಕಾದು ಕೂತಳು.